ದೊಡ್ಡಪ್ಪ ಬಿಟ್ಟ ಮೂರೇ ತಿಂಗಳಿಗೆ ತೀರಿಕೊಂಡರು. ನಾನು ಹೊಗೆಸೊಪ್ಪು ಬಿಡಬಹುದೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ವಯಸ್ಸು 54. ಇಪ್ಪತ್ತೆಂಟು ವರ್ಷಗಳಿಂದ ಹೊಗೆಸೊಪ್ಪು ಸೇರಿಸಿದ ಕವಳ ಹಾಕುತ್ತಿದ್ದೇನೆ, ದಿನಕ್ಕೆ ಎಂಟು ಹತ್ತು ಸಲ. ಜೊತೆಗೆ ಮೂರು ನಾಲ್ಕು ಸಿಗರೇಟು. ಆರು ತಿಂಗಳಿಂದ ಖಾರ ತಿಂದರೆ ಬಾಯಿ ಉರಿಯುತ್ತದೆ, ಮೊದಲಿನಷ್ಟು ಅಗಲವಾಗಿ ಬಾಯಿ ತೆರೆಯಲು ಆಗುತ್ತಿಲ್ಲ, ಎಡಗೆನ್ನೆಯ ಒಳಗೆ ಬೆಳ್ಳಗಿನ ಮಚ್ಚೆ ಇದೆ, ಆದರೆ ನೋವಿಲ್ಲ. ಮನೆಯವರು ಎಲ್ಲವನ್ನೂ ಬಿಡಿ ಎನ್ನುತ್ತಾರೆ. ನನಗೆ ಹೆದರಿಕೆ. ನಮ್ಮ ದೊಡ್ಡಪ್ಪ ಐವತ್ತು ವರ್ಷ ಹೊಗೆಸೊಪ್ಪು ಹಾಕಿ ಗಟ್ಟಿಮುಟ್ಟಾಗಿದ್ದವರು, ಬಿಟ್ಟ ಮೂರೇ ತಿಂಗಳಿಗೆ ತೀರಿಕೊಂಡರು. ಬೆಳಿಗ್ಗೆ ಹೊಗೆಸೊಪ್ಪು ಹಾಕದಿದ್ದರೆ ನನಗೆ ಹೊಟ್ಟೆಯೂ ಸರಿಯಾಗಿ ಹೋಗುವುದಿಲ್ಲ. ಹೊಗೆಸೊಪ್ಪು ಮಾತ್ರ ಬಿಟ್ಟು ಬರಿಯ ಎಲೆ ಅಡಿಕೆ ಹಾಕಿದರೆ ಸಾಕೇ? ಬೆಂಗಳೂರಿನಲ್ಲಿ ಓದುತ್ತಿರುವ ಮಗ ಒಂದು ವೇಪ್ (ಇ-ಸಿಗರೇಟು) ತಂದುಕೊಟ್ಟು, ‘ಇದು ಬರೀ ಆವಿ ಅಪ್ಪ, ಇದಕ್ಕೆ ಬದಲಾಯಿಸಿಕೊಳ್ಳಿ’ ಎಂದಿದ್ದಾನೆ. ಅವನೂ ಅದನ್ನೇ ಸೇದುತ್ತಾನೆ ಎಂಬುದು ನನಗೆ ಗೊತ್ತು. ಕವಳ ಬಾಯಲ್ಲಿಟ್ಟುಕೊಂಡು ಅವನಿಗೆ ಬುದ್ಧಿ ಹೇಳುವುದು ಹೇಗೆ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳೆಲ್ಲ ಬಿಡುವುದರ ಬಗ್ಗೆ ಇವೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಮೂರು ಸಂಗತಿಗಳ ಮೇಲೆ: ಖಾರಕ್ಕೆ ಉರಿ, ಬಾಯಿ ತೆರೆಯುವುದು ಕಡಿಮೆಯಾಗಿರುವುದು ಮತ್ತು ನೋವಿಲ್ಲದ ಬಿಳಿ ಮಚ್ಚೆ. ಬಾಯಿಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದಿರುವ ನಾನು ನಿಮ್ಮನ್ನು ಬೇಡಿಕೊಳ್ಳುವುದಿಷ್ಟೇ. ಹೊಗೆಸೊಪ್ಪು ಬಿಡುವ ದಿನವನ್ನು ನೀವು ಇನ್ನೂ ನಿಶ್ಚಯಿಸಿರದಿದ್ದರೂ, ಈ ವಾರವೇ ಶಿವಮೊಗ್ಗದ ಯಾವುದಾದರೂ ದಂತ ವೈದ್ಯಕೀಯ ಕಾಲೇಜಿಗೋ ಜಿಲ್ಲಾ ಆಸ್ಪತ್ರೆಗೋ ಹೋಗಿ ಬಾಯಿ ತೋರಿಸಿ. ನೋವಿಲ್ಲ ಎಂಬುದನ್ನು ನೀವು ಸಮಾಧಾನದ ಮಾತಾಗಿ ಬರೆದಿದ್ದೀರಿ. ನಮ್ಮ ಅನುಭವ ಅದಕ್ಕೆ ತಿರುಗುಮುರುಗು. ಬಾಯಿಯ ಕ್ಯಾನ್ಸರು ಮತ್ತು ಅದಕ್ಕೆ ಮುಂಚಿನ ಬದಲಾವಣೆಗಳು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಮತ್ತು ನೋವಿಲ್ಲವೆಂಬ ಕಾರಣಕ್ಕೇ ಜನ ಒಂದು ವರ್ಷ ತಡವಾಗಿ ಬರುತ್ತಾರೆ.

ಅಲ್ಲಿ ನಿಮ್ಮ ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯುತ್ತಾರೆ. ಮನೆಯಲ್ಲೇ ನೋಡಿಕೊಳ್ಳುವುದಾದರೆ, ನಿಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಟ್ಟು ನೋಡಿ, ಆರೋಗ್ಯವಂತ ಬಾಯಿಯಲ್ಲಿ ಅವು ಹಿಡಿಯುತ್ತವೆ. ಮಚ್ಚೆಯ ಸ್ವರೂಪ ನೋಡಿ ವೈದ್ಯರು ಅಲ್ಲಿಂದ ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಬಹುದು, ಅದೇ ಬಯಾಪ್ಸಿ. ‘ಬಯಾಪ್ಸಿ ಮಾಡಿಸಿದರೆ, ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬಾಯಿಯ ಬಯಾಪ್ಸಿಯಿಂದ ಹಾಗಾಗುವುದಿಲ್ಲ. ಆ ಮಾತನ್ನು ನಂಬಿ ಪರೀಕ್ಷೆ ಮುಂದೂಡಿದವರಲ್ಲಿ ರೋಗ ತನ್ನಷ್ಟಕ್ಕೆ ತಾನೇ ಹರಡಿದ್ದನ್ನು ಮಾತ್ರ ನಾನು ಕಂಡಿದ್ದೇನೆ. ನಿಮ್ಮದು ಕ್ಯಾನ್ಸರೇ ಎಂದು ನಾನು ಹೇಳುತ್ತಿಲ್ಲ, ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಪತ್ರ ಓದಿ ಅದನ್ನು ತೀರ್ಮಾನಿಸಲು ನನಗಾಗಲಿ, ಕನ್ನಡಿ ನೋಡಿಕೊಂಡು ತೀರ್ಮಾನಿಸಲು ನಿಮಗಾಗಲಿ ಸಾಧ್ಯವಿಲ್ಲ.

ಈಗ ನಿಮ್ಮ ದೊಡ್ಡಪ್ಪನವರ ವಿಷಯ. ಇದನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಇಂಥದೇ ಒಂದು ಕಥೆ ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಇದೆ, ಮತ್ತು ಅದನ್ನು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಬಿಟ್ಟದ್ದೂ ನಿಜ, ಮೂರು ತಿಂಗಳಲ್ಲಿ ತೀರಿಕೊಂಡದ್ದೂ ನಿಜ. ತಪ್ಪಿರುವುದು ಇವೆರಡರ ನಡುವೆ ನಾವು ಹಾಕುವ ಗಂಟಿನಲ್ಲಿ. ಐವತ್ತು ವರ್ಷ ಬಿಡದ ಮನುಷ್ಯ ಒಂದು ದಿನ ಇದ್ದಕ್ಕಿದ್ದಂತೆ ಏಕೆ ಬಿಟ್ಟರು ಎಂದು ಮನೆಯ ಹಿರಿಯರನ್ನು ನೆನಪು ಮಾಡಿಕೊಳ್ಳಲು ಹೇಳಿ. ನಾನು ಇಂಥ ಕುಟುಂಬಗಳಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ಬರುವ ಉತ್ತರಗಳು ಬಹುತೇಕ ಒಂದೇ: ಊಟ ಸೇರುತ್ತಿರಲಿಲ್ಲ, ನುಂಗಲು ಕಷ್ಟವಾಗುತ್ತಿತ್ತು, ಎದೆ ಬಿಗಿಯುತ್ತಿತ್ತು, ಕವಳದ ರುಚಿಯೇ ಬೇಡವಾಗಿತ್ತು. ಅಂದರೆ ಕಾಯಿಲೆ ಮೊದಲು ಬಂದಿತ್ತು, ಕಾಯಿಲೆಯೇ ಅವರಿಂದ ಬಿಡಿಸಿತ್ತು. ಬಿಟ್ಟದ್ದರಿಂದ ಸಾವು ಬಂದಿತೆಂದು ಕಂಡದ್ದು ನಮ್ಮ ಕಣ್ಣಿಗೆ. ತಂಬಾಕಿನ ಅಧ್ಯಯನ ಮಾಡುವವರಿಗೆ ಇದು ಬಹಳ ಹಳೆಯ ತೊಡಕು. ರೋಗ ಬಂದ ಮೇಲೆ ಬಿಟ್ಟವರನ್ನೂ ಆರೋಗ್ಯವಾಗಿದ್ದಾಗಲೇ ಬಿಟ್ಟವರನ್ನೂ ಬೇರೆ ಮಾಡದಿದ್ದರೆ ಬಿಟ್ಟವರೇ ಬೇಗ ಸಾಯುತ್ತಾರೆಂದು ಲೆಕ್ಕ ತೋರಿಸುತ್ತದೆ.

ಇದ್ದಕ್ಕಿದ್ದಂತೆ ಬಿಟ್ಟರೆ ದೇಹಕ್ಕೆ ಆಘಾತವಾಗುತ್ತದೆ ಎಂಬ ಭಯಕ್ಕೆ ಇನ್ನೊಂದು ಮೂಲವೂ ಇದೆ. ವಿಪರೀತ ಮದ್ಯ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಾಪಾಯವೂ ಆಗಬಹುದು. ಆದ್ದರಿಂದ ಅವರನ್ನು ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಜನರು ಅದನ್ನು ತಂಬಾಕಿಗೂ ಅನ್ವಯಿಸುತ್ತಾರೆ. ನಿಕೋಟಿನ್ ನಿಂತಾಗ ಬರುವ ತೊಂದರೆಗಳು ಬೇರೆ ಜಾತಿಯವು: ಸಿಡುಕು, ನಿದ್ದೆಗೇಡು, ತಲೆನೋವು, ಏಕಾಗ್ರತೆ ಇಲ್ಲದಿರುವುದು, ಹಸಿವು ಹೆಚ್ಚುವುದು, ಮಲಬದ್ಧತೆ. ಮೊದಲ ವಾರದಲ್ಲಿ ಇವು ತುತ್ತತುದಿಗೆ ಹೋಗಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಹಿಂಸೆಯಾಗುವುದು ನಿಜ, ಆದರೆ ಜೀವಕ್ಕೆ ಅಪಾಯವಿಲ್ಲ.

ನಿಮ್ಮ ಹೊಟ್ಟೆಯ ತೊಂದರೆಗೂ ಕಾರಣ ಇಲ್ಲೇ ಇದೆ. ನಿಕೋಟಿನ್ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ, ಹಾಗಾಗಿ ಬೆಳಿಗ್ಗೆ ಒಂದು ಕವಳ ಹಾಕಿದ ಕೂಡಲೇ ಹೊಟ್ಟೆ ಹೋಗುವುದು ನಿಮ್ಮ ಭ್ರಮೆಯಲ್ಲ. ಇಪ್ಪತ್ತೆಂಟು ವರ್ಷ ಪ್ರತಿ ಬೆಳಿಗ್ಗೆ ಹೊರಗಿನಿಂದ ತಳ್ಳಿಸಿಕೊಂಡ ಕರುಳು ತಾನಾಗಿ ಹೊರಡಲು ಕೆಲವು ವಾರ ತೆಗೆದುಕೊಳ್ಳುತ್ತದೆ. ಎದ್ದ ಕೂಡಲೇ ಎರಡು ಲೋಟ ಬೆಚ್ಚಗಿನ ನೀರು, ರಾತ್ರಿಯ ಊಟದಲ್ಲಿ ಸೊಪ್ಪು ತರಕಾರಿ, ತೋಟಕ್ಕೆ ಒಂದು ಸುತ್ತು, ಇವು ಸಾಲದಿದ್ದರೆ ವೈದ್ಯರನ್ನು ಕೇಳಿ ಕೆಲವು ದಿನ ಇಸಬಗೋಲು ತೆಗೆದುಕೊಳ್ಳಬಹುದು.

ಇನ್ನು ಹೊಗೆಸೊಪ್ಪು ತೆಗೆದು ಬರಿಯ ಎಲೆ ಅಡಿಕೆ ಹಾಕಿದರೆ ಸಾಕೇ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಬರೆಯುವಾಗ ನನ್ನ ಮನಸ್ಸು ಭಾರವಾಗುತ್ತದೆ, ಏಕೆಂದರೆ ನಾನೂ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಚಾಪೆಯ ಮೇಲೆ ಕವಳದ ತಬಕು ಕೈಯಿಂದ ಕೈಗೆ ಹೋಗುವುದನ್ನು ನೋಡುತ್ತ ಬೆಳೆದವನು. ಬಂದವರಿಗೆ ಎಲೆ ಅಡಿಕೆ ಕೊಡದೆ ಕಳುಹಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಆದರೂ ವೈದ್ಯನಾಗಿ ನಾನು ಮರೆಮಾಚದೆ ಹೇಳಬೇಕಾದದ್ದು ಇದು: ನಿಮ್ಮ ಬಾಯಿ ಬಿಗಿಯುತ್ತಿರುವುದಕ್ಕೆ ಮುಖ್ಯ ಕಾರಣ ಹೊಗೆಸೊಪ್ಪಲ್ಲ, ಅಡಿಕೆ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರದಡಿಯ ಕೋಶಗಳು ಹೆಚ್ಚು ಹೆಚ್ಚು ನಾರನ್ನು ಉತ್ಪಾದಿಸುವಂತೆ ಮಾಡುತ್ತದೆ, ಅಡಿಕೆಯ ತಾಮ್ರದ ಅಂಶ ಮತ್ತು ಚೊಗರು ಆ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಕರಗದಂತೆ ಮಾಡುತ್ತವೆ. ಮೆತ್ತಗೆ ಹಿಗ್ಗುತ್ತಿದ್ದ ಕೆನ್ನೆ ಒಣಗಿದ ಹಾಳೆಯಂತೆ ಬಿರುಸಾಗುತ್ತದೆ, ತೆಳುವಾದ ಮೇಲ್ಪದರಕ್ಕೆ ಖಾರ ತಾಗಿದರೆ ಉರಿಯುತ್ತದೆ. ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತೇವೆ. ನಿಮಗಿರುವುದು ಇದೇ ಇರಬೇಕೆಂದು ಲಕ್ಷಣಗಳು ಸೂಚಿಸುತ್ತವೆ, ಖಚಿತಪಡಿಸಬೇಕಾದದ್ದು ಪರೀಕ್ಷಿಸಿದ ವೈದ್ಯರು. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಇಂಥ 66 ಜನರನ್ನು 17 ವರ್ಷಗಳ ಅವಧಿಯಲ್ಲಿ ಹಿಂಬಾಲಿಸಿ ನೋಡಿದಾಗ ಅವರಲ್ಲಿ 5 ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ತಂಬಾಕು ಸೇರಿಸಿದ ಕವಳವನ್ನು 1985ರಲ್ಲಿಯೂ, ತಂಬಾಕಿಲ್ಲದ ಕವಳ ಮತ್ತು ಅಡಿಕೆಯನ್ನು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆಯ ಮಾರುಕಟ್ಟೆ, ಬೆಲೆ, ನಮ್ಮ ಜೀವನೋಪಾಯ, ಇವೆಲ್ಲ ಚರ್ಚಿಸಬೇಕಾದ ದೊಡ್ಡ ವಿಷಯಗಳೇ. ಆದರೆ ಆ ಚರ್ಚೆ ನಿಮ್ಮ ಕೆನ್ನೆಯ ಒಳಗೆ ನಡೆಯುವಂಥದ್ದಲ್ಲ.

ಹಾಗೆಂದು ಹೊಗೆಸೊಪ್ಪು ನಿರಪರಾಧಿಯಲ್ಲ. ತಂಬಾಕನ್ನು ಒಣಗಿಸಿ ಹದಮಾಡುವಾಗ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಅದರಲ್ಲೇ ಹುಟ್ಟುತ್ತವೆ, ಅವಕ್ಕೆ ಹೊಗೆ ಬೇಕಿಲ್ಲ. ಸುಣ್ಣ ಸೇರಿದಾಗ ಬಾಯಿಯಲ್ಲಿ ಕ್ಷಾರ ಹೆಚ್ಚಿ ನಿಕೋಟಿನ್ ಒಳಪದರದ ಮೂಲಕ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಕವಳವನ್ನು ನೀವು ಎಡಗೆನ್ನೆಯಲ್ಲಿ ಒತ್ತಿಟ್ಟುಕೊಳ್ಳುತ್ತೀರಿ ಎಂದು ನಾನು ಊಹಿಸುತ್ತೇನೆ, ಮಚ್ಚೆಯೂ ಅಲ್ಲೇ ಇದೆ. ಅಡಿಕೆಯೂ ಹೊಗೆಸೊಪ್ಪೂ ಕೂಡಿದರೆ ಅಪಾಯ ಒಂದೊಂದರದಕ್ಕಿಂತ ಹೆಚ್ಚು. ಕಡ್ಡಿಪುಡಿ, ಜರ್ದಾ, ಗುಟ್ಕಾ ಯಾವುದಾದರೂ ಇದೇ ಮಾತು. ಆದ್ದರಿಂದ ನಿಮ್ಮ ಮಟ್ಟಿಗೆ ಎರಡನ್ನೂ ಬಿಡಬೇಕು, ಮತ್ತು ಒಟ್ಟಿಗೇ ಬಿಡುವುದು ಒಳ್ಳೆಯದು. ಎಲೆ ಅಡಿಕೆ ಉಳಿದರೆ ಹೊಗೆಸೊಪ್ಪು ಹದಿನೈದು ದಿನದಲ್ಲಿ ಅದರ ಬೆನ್ನು ಹತ್ತಿ ವಾಪಸು ಬರುವುದನ್ನು ನಾನು ಎಣಿಸಲಾರದಷ್ಟು ಸಲ ನೋಡಿದ್ದೇನೆ.

‘ಮೂರು ನಾಲ್ಕೇ ಸಿಗರೇಟು’ ಎಂಬುದರ ಬಗ್ಗೆ ಒಂದು ಮಾತು. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, ಇಪ್ಪತ್ತು ಸೇದುವವರಿಗೆ ಹೆಚ್ಚಾಗುವ ಹೃದ್ರೋಗದ ಅಪಾಯದ ಸುಮಾರು ಅರ್ಧದಷ್ಟು ಇದ್ದೇ ಇರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ತೋರಿಸಿದೆ. ಕಡಿಮೆ ಮಾಡಿದರೆ ಶ್ವಾಸಕೋಶಕ್ಕೆ ಸ್ವಲ್ಪ ಲಾಭವಾದೀತು, ಹೃದಯ ಅಷ್ಟು ಸುಲಭವಾಗಿ ರಿಯಾಯಿತಿ ಕೊಡುವುದಿಲ್ಲ.

ನಿಮ್ಮ ಮಗ ಹೇಳಿದ ‘ಬರೀ ಆವಿ’ಯನ್ನು ನೋಡೋಣ. ವೇಪ್‌ನಲ್ಲಿ ಕಾಯುವುದು ನೀರಲ್ಲ. ಪ್ರೊಪೈಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕಗಳು ಮತ್ತು ನಿಕೋಟಿನ್ ಬೆರೆತ ದ್ರವವನ್ನು ಒಂದು ಲೋಹದ ಸುರುಳಿ ಕಾಯಿಸುತ್ತದೆ. ಅದರಿಂದ ಹೊರಬರುವುದು ಅತಿ ಸೂಕ್ಷ್ಮ ಹನಿಗಳ ಮಂಜು, ಅದರಲ್ಲಿ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಮತ್ತು ಸುರುಳಿಯಿಂದ ಬಿಡುಗಡೆಯಾದ ನಿಕಲ್, ಕ್ರೋಮಿಯಂನಂಥ ಲೋಹಗಳ ಅಂಶಗಳು ಪತ್ತೆಯಾಗಿವೆ. ಇಲ್ಲಿ ನಾನು ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸಿಗರೇಟಿನಲ್ಲಿ ಎಲೆ ಸುಡುವುದರಿಂದ ಹುಟ್ಟುವ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಇದರಲ್ಲಿ ಇಲ್ಲ, ಹಾಗಾಗಿ ಸಿಗರೇಟಿಗಿಂತ ಇದರಲ್ಲಿ ವಿಷಾಂಶ ಕಡಿಮೆ. ಬ್ರಿಟನ್ನಿನಲ್ಲಿ ನಿಕೋಟಿನ್ ಪ್ರಮಾಣಕ್ಕೆ ಮಿತಿ ಹಾಕಿ, ಸಿಗರೇಟು ಬಿಡಲು ಬಯಸುವ ವಯಸ್ಕರಿಗೆ ಇದನ್ನು ಸಾಧನವಾಗಿ ಸೂಚಿಸುತ್ತಾರೆ, ಮತ್ತು ಹಾಗೆ ಬಳಸಿದಾಗ ಕೆಲವರಿಗೆ ನೆರವಾಗುತ್ತದೆ ಎಂಬುದಕ್ಕೆ ಸಾಕ್ಷ್ಯವೂ ಇದೆ.

ಆದರೆ ಆ ಸಲಹೆಯನ್ನು ಸಾಗರಕ್ಕೆ ತರಲು ಬರುವುದಿಲ್ಲ. ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು ಮತ್ತು ಜಾಹೀರಾತನ್ನು 2019ರ ಕಾನೂನು ನಿಷೇಧಿಸಿದೆ, ಕರ್ನಾಟಕದಲ್ಲಿ ಅದರ ಮಾರಾಟಕ್ಕೆ 2016ರಲ್ಲೇ ತಡೆ ಬಿದ್ದಿತ್ತು. ನಿಮ್ಮ ಮಗ ತಂದದ್ದು ಕಳ್ಳಮಾಲು, ಅದರೊಳಗೆ ಏನಿದೆ, ನಿಕೋಟಿನ್ ಎಷ್ಟಿದೆ ಎಂದು ಪರೀಕ್ಷಿಸಿದವರು ಯಾರೂ ಇಲ್ಲ. ದ್ರವದಲ್ಲಿ ಏನು ಬೆರೆತಿದೆ ಎಂದು ತಿಳಿಯದಿದ್ದರೆ ಆಗುವ ಅನಾಹುತವನ್ನು ಅಮೆರಿಕ 2019ರಲ್ಲಿ ಕಂಡಿತು. ವೇಪ್ ಸೇದಿದವರಲ್ಲಿ ಶ್ವಾಸಕೋಶ ತೀವ್ರವಾಗಿ ಹಾನಿಗೊಂಡು 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು, 68 ಮಂದಿ ಸತ್ತಿದ್ದರು. ಅನಧಿಕೃತವಾಗಿ ಕೊಂಡ ಗಾಂಜಾ ಅಂಶದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು. ಇದಕ್ಕಿಂತ ಮುಖ್ಯವಾಗಿ, ನಿಮ್ಮ ಮೂಲ ರೋಗ ಕವಳದ್ದು. ವೇಪ್ ಸೇದಿದರೆ ಅಡಿಕೆ ಬಿಟ್ಟಂತಾಗುವುದಿಲ್ಲ, ಇದ್ದ ಎರಡು ಚಟದ ಜೊತೆಗೆ ಮೂರನೆಯದು ಸೇರಿಕೊಳ್ಳುತ್ತದೆ.

ಹಾಗಾದರೆ ಬಿಡುವುದು ಹೇಗೆ? 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8, ಜಗಿಯುವವರು ಶೇ. 16.3. ಆದರೂ ಬಿಡಿಸುವ ಸಲಹೆಗಳೂ ಔಷಧಗಳ ಅಧ್ಯಯನಗಳೂ ಹೆಚ್ಚಾಗಿ ಸೇದುವವರನ್ನೇ ಉದ್ದೇಶಿಸಿದವು. ಇದು ನನ್ನನ್ನು ಬಹಳ ಕಾಲದಿಂದ ಬಾಧಿಸುತ್ತಿರುವ ಕೊರತೆ. ಆದ್ದರಿಂದ ನಾನು ನಿಮಗೆ ಹೇಳುವುದರಲ್ಲಿ ಅಧ್ಯಯನಗಳ ಜೊತೆಗೆ ಚಿಕಿತ್ಸಾಲಯದ ಅನುಭವವೂ ಸೇರಿದೆ.

ಔಷಧವಿಲ್ಲದೆ, ಗಟ್ಟಿಮನಸ್ಸಿನಿಂದ ಒಂದೇ ಸಲಕ್ಕೆ ಬಿಡುವವರು ಇದ್ದಾರೆ. ಆದರೆ ಯಾವ ನೆರವೂ ಇಲ್ಲದೆ ಮಾಡಿದ ಒಂದು ಪ್ರಯತ್ನದಲ್ಲಿ ವರ್ಷ ಪೂರ್ತಿ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ. ಸೋತವರು ಮನೋಬಲವಿಲ್ಲದವರೆಂದು ಇದರ ಅರ್ಥವಲ್ಲ, ನಿಕೋಟಿನ್ನಿನ ಹಿಡಿತ ಹಾಗಿದೆ. ನಿಕೋಟಿನ್ ಚೂಯಿಂಗ್ ಗಮ್ ಔಷಧದಂಗಡಿಯಲ್ಲಿ ಸಿಗುತ್ತದೆ, ಜಗಿಯುವ ಅಭ್ಯಾಸ ಇರುವವರಿಗೆ ಅದು ಸಹಜವಾಗಿ ಒಗ್ಗುತ್ತದೆ. ಆದರೆ ಬಾಯಿ ಬಿಗಿದು ಉರಿಯುತ್ತಿರುವ ನಿಮಗೆ ನಾನು ಅದನ್ನು ಮೊದಲ ಆಯ್ಕೆಯಾಗಿ ಸೂಚಿಸುವುದಿಲ್ಲ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ನಿಮ್ಮ ಬಾಯಿಗೆ ಹಿತ. ಅದರ ಪ್ರಮಾಣವನ್ನು ಸಿಗರೇಟು ಮತ್ತು ಕವಳ ಎರಡನ್ನೂ ಲೆಕ್ಕ ಹಿಡಿದು ವೈದ್ಯರು ನಿರ್ಧರಿಸಬೇಕು. ಪಟ್ಟಿಯೂ ನಿಕೋಟಿನ್ನೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಆದರೆ ಅದು ನಿಧಾನವಾಗಿ, ಕಡಿಮೆಯಾಗುತ್ತ ಹೋಗುವ ಪ್ರಮಾಣದಲ್ಲಿ, ನೈಟ್ರೋಸಮೈನ್ ಮತ್ತು ಹೊಗೆಗಳಿಲ್ಲದೆ ಬರುತ್ತದೆ. ಚರ್ಮ ಕೆರೆಯಬಹುದು, ರಾತ್ರಿ ವಿಚಿತ್ರ ಕನಸು ಬೀಳಬಹುದು, ಇತ್ತೀಚೆಗೆ ಹೃದಯಾಘಾತವಾಗಿದ್ದರೆ ಮೊದಲೇ ತಿಳಿಸಬೇಕು.

ಮಾತ್ರೆಗಳಲ್ಲಿ ವರೆನಿಕ್ಲಿನ್ ಎಂಬುದು ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ತಾನು ಕೂತು ಚಡಪಡಿಕೆಯನ್ನು ತಗ್ಗಿಸುತ್ತದೆ. ಜಗಿಯುವವರಲ್ಲೂ ಇದು ನೆರವಾಗುತ್ತದೆ ಎಂಬ ಸಾಕ್ಷ್ಯ ಇರುವುದರಿಂದ ನಿಮ್ಮಂಥವರಲ್ಲಿ ನಾನು ಇದನ್ನೇ ಹೆಚ್ಚು ಯೋಚಿಸುತ್ತೇನೆ. ಬಿಡುವ ದಿನಕ್ಕೆ ಒಂದು ವಾರ ಮುಂಚೆ ಆರಂಭಿಸಿ ಸಾಮಾನ್ಯವಾಗಿ ಹನ್ನೆರಡು ವಾರ ಕೊಡುತ್ತೇವೆ. ಓಕರಿಕೆ ಸಾಮಾನ್ಯ, ಊಟದ ನಂತರ ತುಂಬಿದ ಲೋಟ ನೀರಿನೊಂದಿಗೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕು. ಬುಪ್ರೊಪಿಯಾನ್ ಎಂಬ ಇನ್ನೊಂದು ಮಾತ್ರೆಯೂ ಇದೆ, ಆದರೆ ಫಿಟ್ಸ್ ಇದ್ದವರಿಗೆ ಅದು ಸಲ್ಲದು. ಈ ಎರಡನ್ನೂ ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬೇಡಿ.

ಅಡಿಕೆಯ ಚಟಕ್ಕೆಂದೇ ಒಪ್ಪಿತವಾದ ಔಷಧ ಇಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ದಿನಚರಿಯ ಬದಲಾವಣೆ. ಮೊದಲಿಗೆ ದಿನ ಆರಿಸಿಕೊಳ್ಳುವಾಗ ಅಡಿಕೆ ಕೊಯ್ಲಿನ ಕಾಲ ಬೇಡ, ಹತ್ತು ಜನ ಕವಳ ಹಾಕುತ್ತ ಸುಲಿಯುವ ಅಂಗಳದಲ್ಲಿ ಕೂತು ಮೊದಲ ವಾರ ಕಳೆಯುವುದು ಯಾರಿಗೂ ಕಷ್ಟ. ಕೊಯ್ಲು ಹತ್ತಿರದಲ್ಲೇ ಇದ್ದರೆ ಅದಕ್ಕೆ ಮುಂಚೆಯೇ ಬಿಡಿ, ಮುಗಿಯುವವರೆಗೆ ಕಾಯುವಷ್ಟು ವ್ಯವಧಾನ ನಿಮ್ಮ ಬಾಯಿಗೆ ಇಲ್ಲ. ತಬಕನ್ನು ಜಗಲಿಯಿಂದ ಒಳಗೆ ಇರಿಸಲು ಮನೆಯವರಿಗೆ ಹೇಳಿ. ಚಡಪಡಿಕೆಯ ಅಲೆ ಒಂದೊಂದೂ ಕೆಲವೇ ನಿಮಿಷ ಇರುತ್ತದೆ, ಆ ಹೊತ್ತಿಗೆ ಏಲಕ್ಕಿಯೋ ಬಡೇಸೋಪೋ ಬಾಯಿಗಿರಲಿ, ಜಾಗ ಬಿಟ್ಟು ಏಳಿ. ಊಟದ ಮೇಲಿನ ಕವಳ ಎಲ್ಲಕ್ಕಿಂತ ಕಠಿಣ, ಊಟ ಮುಗಿದ ಕೂಡಲೇ ಹಲ್ಲುಜ್ಜಿಬಿಟ್ಟರೆ ಅನೇಕರಿಗೆ ಅನುಕೂಲವಾಗಿದೆ. ಒಂದು ದಿನ ಜಾರಿದರೆ ಅದನ್ನು ಜಾರಿದ ದಿನ ಎಂದಷ್ಟೇ ತಿಳಿದು ಮರುದಿನ ಮುಂದುವರಿಸಿ. ತಂಬಾಕಿನ ಪೊಟ್ಟಣದ ಮೇಲೆಯೇ ಮುದ್ರಿಸಿರುವ 1800-11-2356 ಎಂಬ ಉಚಿತ ಸಹಾಯವಾಣಿಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದು, ಕನ್ನಡದಲ್ಲೇ ಮಾತನಾಡಿ ಬಿಡುವ ದಿನದಿಂದ ಮುಂದಕ್ಕೂ ವಿಚಾರಿಸಿಕೊಳ್ಳುತ್ತಾರೆ.

54ಕ್ಕೆ ಬಿಟ್ಟು ಏನು ಬಂತು ಎಂಬ ಮಾತು ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಸಿಗರೇಟು ಬಿಡದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸತ್ತಿದ್ದರು. ಐವತ್ತಕ್ಕೆ ಬಿಟ್ಟವರು ಸುಮಾರು ಆರು ವರ್ಷ, ಅರವತ್ತಕ್ಕೆ ಬಿಟ್ಟವರು ಸುಮಾರು ಮೂರು ವರ್ಷ ಗಳಿಸಿಕೊಂಡಿದ್ದರು. ಸಿಗರೇಟು ನಿಂತ ಒಂದು ವರ್ಷಕ್ಕೆ ಅದರಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಬಾಯಿಯ ವಿಷಯದಲ್ಲಿ ನಾನು ಅಷ್ಟು ಉದಾರವಾಗಿ ಮಾತು ಕೊಡಲಾರೆ. ಉರಿ ಕೆಲವು ವಾರಗಳಲ್ಲಿ ತಗ್ಗಬಹುದು, ಬಿಳಿ ಮಚ್ಚೆ ಕೆಲವರಲ್ಲಿ ಬಿಟ್ಟ ಮೇಲೆ ತಾನೇ ಮಾಯವಾಗುತ್ತದೆ, ಆದರೆ ಬಿಗಿದ ನಾರು ಪೂರ್ತಿ ಕರಗುವುದಿಲ್ಲ. ಮುಂದೆ ಬಿಗಿಯದಂತೆ ತಡೆಯುವುದು ಬಿಡುವುದರಿಂದ ಮಾತ್ರ ಸಾಧ್ಯ. ಬಾಯಿ ತೆರೆಯುವ ವ್ಯಾಯಾಮ, ಕೆನ್ನೆಗೆ ಚುಚ್ಚುಮದ್ದು, ತೀರಾ ಬಿಗಿದಿದ್ದರೆ ಶಸ್ತ್ರಚಿಕಿತ್ಸೆ ಇವೆ. ಅಡಿಕೆ ಮುಂದುವರಿಸುತ್ತ ಇವನ್ನು ಮಾಡಿಸಿಕೊಂಡವರ ಬಾಯಿ ಮತ್ತೆ ಬಿಗಿದದ್ದನ್ನು ಕಂಡಿದ್ದೇನೆ. ಬಿಟ್ಟ ಮೇಲೂ ಕ್ಯಾನ್ಸರಿನ ಅಪಾಯ ಸೊನ್ನೆಯಾಗುವುದಿಲ್ಲವಾದ್ದರಿಂದ, ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ, ಬಾಯಿಯನ್ನು ವರ್ಷಗಟ್ಟಲೆ ತೋರಿಸುತ್ತಲೇ ಇರಬೇಕು. ಈ ನಡುವೆ ಎರಡು ವಾರಕ್ಕೂ ಮಾಯದ ಹುಣ್ಣು, ಕೆಂಪು ಮಚ್ಚೆ, ಗಟ್ಟಿಯಾದ ಗಂಟು, ಕುತ್ತಿಗೆಯಲ್ಲಿ ಗಡ್ಡೆ ಕಂಡರೆ ಆ ದಿನಾಂಕಕ್ಕೆ ಕಾಯಬೇಡಿ.

ಕೊನೆಗೆ ಮಗನ ಪ್ರಶ್ನೆ. ಮಿದುಳು ಬೆಳೆಯುವುದು ಸುಮಾರು ಇಪ್ಪತ್ತೈದರವರೆಗೂ ನಡೆಯುವುದರಿಂದ ಆ ವಯಸ್ಸಿನಲ್ಲಿ ನಿಕೋಟಿನ್ ಬೇಗ ಹಿಡಿಯುತ್ತದೆ, ಮತ್ತು ಈಗಿನ ವೇಪ್‌ಗಳಲ್ಲಿ ಬಳಸುವ ನಿಕೋಟಿನ್ ಲವಣ ಗಂಟಲು ಕೆರೆಯದೆ ಹೆಚ್ಚು ಪ್ರಮಾಣ ಒಳಗಿಳಿಯುವಂತೆ ಮಾಡುತ್ತದೆ. ತಾನು ಎಷ್ಟು ಸೇದುತ್ತಿದ್ದೇನೆ ಎಂಬ ಲೆಕ್ಕ ಅವನಿಗೇ ಇರಲಾರದು. ಅವನು ನಿಮಗೆ ಆ ಸಾಧನ ತಂದುಕೊಟ್ಟದ್ದು ನಿಮ್ಮ ಮೇಲಿನ ಕಾಳಜಿಯಿಂದ, ಅದನ್ನು ಮೊದಲು ಒಪ್ಪಿಕೊಂಡು ಮಾತು ಆರಂಭಿಸಿ. ಬುದ್ಧಿ ಹೇಳಲು ನಿಮಗೆ ಮುಖವಿಲ್ಲ ಎಂದಿದ್ದೀರಿ, ಬುದ್ಧಿ ಹೇಳುವ ಅಗತ್ಯವೇ ಇಲ್ಲ. ಶಿವಮೊಗ್ಗಕ್ಕೆ ಬಾಯಿ ತೋರಿಸಲು ಹೋಗುವ ದಿನ ಅವನನ್ನು ಊರಿಗೆ ಕರೆಸಿ, ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರು ನಿಮ್ಮ ಬಾಯಿಯನ್ನು ಅಳೆಯುವಾಗ ಅವನು ಪಕ್ಕದಲ್ಲಿರಲಿ. ಹಿಂದಿರುಗುವ ಬಸ್ಸಿನಲ್ಲಿ, ನೀವು ಬಿಡುವ ದಿನವೇ ತಾನೂ ಬಿಡಬಹುದೇ ಎಂದು ಒಮ್ಮೆ ಕೇಳಿನೋಡಿ.